ತುರ್ಕಿಯ ‘ಮಿಶ್’ ಎಲ್ಲ ಕಡೆ ನಮ್ಮ ‘ಅಂತೆ’ ಅಲ್ಲ

ತುರ್ಕಿ ಕಲಿಯಲು ಬರುವ ಕನ್ನಡಿಗರಿಗೆ ಮೊದಲ ಪಾಠಗಳು ಸಲೀಸು. ನಮ್ಮಲ್ಲಿಯಂತೆ ಅಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಪದಕ್ಕೆ ಒಂದರ ಹಿಂದೊಂದು ಅಂಟುತ್ತವೆ. ‘ಎವ್’ ಅಂದರೆ ಮನೆ, ‘ಎವ್ಲೆರಿಮಿಜ್‌ದೆ’ ಅಂದರೆ ನಮ್ಮ ಮನೆಗಳಲ್ಲಿ. ತೊಡಕು ಶುರುವಾಗುವುದು ಭೂತಕಾಲದಲ್ಲಿ.

‘ಅಲಿ ಗೆಲ್ದಿ’ ಅಂದರೆ ಅಲಿ ಬಂದ. ‘ಅಲಿ ಗೆಲ್ಮಿಶ್’ ಅಂದರೆ ಬಂದನಂತೆ. ಇಷ್ಟು ಹೇಳಿದ ಕೂಡಲೇ ವಿದ್ಯಾರ್ಥಿಗಳ ಮುಖ ಅರಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರತ್ಯಯವೇ ಇಲ್ಲ, ನಮ್ಮಲ್ಲಿ ಇದೆ ಅಲ್ವಾ! ಆ ಖುಷಿ ನ್ಯಾಯವಾದದ್ದೇ. ಆದರೆ ‘ಮಿಶ್’ ಕಂಡಲ್ಲೆಲ್ಲ ‘ಅಂತೆ’ ಹಾಕಿದರೆ ದಾರಿ ತಪ್ಪುತ್ತದೆ.

ಬಾಗಿಲಲ್ಲಿ ಅಲಿಯ ಚಪ್ಪಲಿ ಕಂಡಿತು ಅನ್ನಿ. ಯಾರೂ ಏನೂ ಹೇಳಿಲ್ಲ. ಆಗಲೂ ‘ಅಲಿ ಗೆಲ್ಮಿಶ್’ ಎನ್ನುತ್ತಾರೆ. ಇಲ್ಲಿ ಕನ್ನಡದಲ್ಲಿ ‘ಅಲಿ ಬಂದಿದ್ದಾನೆ’ ಎನ್ನಬೇಕು. ಸೋಫಾದ ಮೇಲೆ ಎಚ್ಚರವಾದವನು ‘ಉಯುಯಕಲ್ಮಿಶಿಮ್’ ಎನ್ನುತ್ತಾನೆ. ಅಯ್ಯೋ, ನಿದ್ದೆ ಹೋಗ್ಬಿಟ್ಟಿದ್ದೀನಿ! ತನ್ನದೇ ಕೆಲಸವಾದರೂ ಅದು ನಡೆದಾಗ ಅವನಿಗೆ ಅರಿವಿರಲಿಲ್ಲ, ಈಗಷ್ಟೇ ಗೊತ್ತಾಯಿತು.

ಊಟದ ಮೇಜಿನ ಉದಾಹರಣೆ ನನಗೆ ಬಹಳ ಮುಖ್ಯ. ಅಡುಗೆ ಮಾಡಿದವರಿಗೆ ‘ಚೋಕ್ ಗ್ಯುಜೆಲ್ ಓಲ್ಮುಶ್’ ಎಂದರೆ ತುಂಬಾ ಚೆನ್ನಾಗಿ ಆಗಿದೆ ಎಂಬ ಮನಸಾರೆ ಮೆಚ್ಚುಗೆ. ಹಿಂದಿನ ಸ್ವರಕ್ಕೆ ಹೊಂದಿಕೊಂಡು ‘ಮಿಶ್’ ಇಲ್ಲಿ ‘ಮುಶ್’ ಆಗಿದೆ, ಅಷ್ಟೇ. ಇದನ್ನು ‘ಚೆನ್ನಾಗಿ ಆಗಿದೆಯಂತೆ’ ಎಂದು ಅರ್ಥ ಮಾಡಿಕೊಂಡರೆ ಹೊಗಳಿಕೆಯೇ ಚಾಡಿಯಂತೆ ಕೇಳಿಸೀತು.

‘ಗೆಲ್ದಿ’ಯಲ್ಲಿರುವ ‘ದಿ’ ಕೂಡ ಬರೀ ಕಣ್ಣಾರೆ ಕಂಡದ್ದಕ್ಕೆ ಮೀಸಲಲ್ಲ. ಮೆಹ್ಮೆತ್ ಸುಲ್ತಾನ 1453ರಲ್ಲಿ ಇಸ್ತಾಂಬುಲ್ ಗೆದ್ದದ್ದನ್ನು ಇಂದು ಯಾರೂ ನೋಡಿದವರಿಲ್ಲ, ಆದರೂ ‘ಫೆತ್ಹೆತ್ತಿ’ (ಗೆದ್ದ; ‘ದಿ’ ಇಲ್ಲಿ ‘ತಿ’ ಆಗಿದೆ) ಎನ್ನಬಹುದು. ಎಲ್ಲರೂ ಒಪ್ಪಿದ ಸಂಗತಿ ಅದು, ಹೇಳುವವನು ಅದನ್ನು ಖಚಿತವೆಂದು ಹೇಳುತ್ತಿದ್ದಾನೆ. ಹಾಗಾಗಿ ‘ನೋಡಿದ್ದಕ್ಕೆ ದಿ, ಕೇಳಿದ್ದಕ್ಕೆ ಮಿಶ್’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಈ ವಿಷಯ ಮಾತಾಡುವವನಿಗೆ ಹೇಗೆ ತಿಳಿಯಿತು, ಅದಕ್ಕೆ ಅವನು ಎಷ್ಟು ಹೊಣೆ ಹೊರುತ್ತಾನೆ ಎಂದು ಪ್ರತಿ ವಾಕ್ಯದಲ್ಲೂ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ರಜೆ ಹಾಕಿದ ಸಹೋದ್ಯೋಗಿಯ ಬಗ್ಗೆ ‘ಹಸ್ತಾಯ್ಮಿಶ್’ ಎಂದರೆ ಹುಷಾರಿಲ್ಲವಂತೆ ಎಂದರ್ಥ. ಅದನ್ನೇ ರಾಗ ಎಳೆದು ಹೇಳಿದರೆ ‘ನಾನಂತೂ ನಂಬಲ್ಲ’ ಎಂದೂ ಆಗುತ್ತದೆ. ಇದರಲ್ಲಿ ಮಾತ್ರ ನಮ್ಮ ‘ಅಂತೆ’ ಅದರ ಒಡಹುಟ್ಟು. ಕಚೇರಿಯಲ್ಲಿ ದನಿ ಸಮವಾಗಿಡಿ.