ಉದ್ದ, ಗಾತ್ರ, ತೂಕ: ಚಿಕ್ಕ ಮಕ್ಕಳಿಗೆ ಹೋಲಿಕೆ ಕಲಿಸುವ ಬಗೆ

ಕೊಡಗಿನ ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಅಂಗನವಾಡಿಗಳಿಗೂ ಒಂದರಿಂದ ಮೂರನೆಯ ತರಗತಿಗಳಿಗೂ ಹೋದಾಗ ನನ್ನ ಕಿವಿಗೆ ಹೆಚ್ಚಾಗಿ ಬೀಳುವ ಪ್ರಶ್ನೆ 'ಇವೆರಡರಲ್ಲಿ ದೊಡ್ಡದು ಯಾವುದು?' ಎಂಬುದು. ಕೋಲುಗಳನ್ನು ಹಿಡಿದರೂ ಇದೇ ಪ್ರಶ್ನೆ, ಚೀಲಗಳನ್ನು ಇಟ್ಟರೂ ಇದೇ ಪ್ರಶ್ನೆ. ಉದ್ದನೆಯ ತೆಳು ಬಿದಿರಿನ ಕಡ್ಡಿಯನ್ನೂ ಸಿಲ್ವರ್ ಓಕಿನ ಮೋಟು ತುಂಡನ್ನೂ ಮುಂದಿಟ್ಟು ಹೀಗೆ ಕೇಳಿದರೆ ಎರಡು ಉತ್ತರಗಳೂ ಸರಿಯೇ. ಆದರೆ ಶಿಕ್ಷಕರ ಮನಸ್ಸಿನಲ್ಲಿ ಒಂದೇ ಉತ್ತರವಿರುವುದರಿಂದ, ಇನ್ನೊಂದನ್ನು ತೋರಿಸಿದ ಮಗು ತಾನು ತಪ್ಪಿದೆನೆಂದು ಸುಮ್ಮನಾಗುತ್ತದೆ. ಒಂದು ಸಲಕ್ಕೆ ಒಂದೇ ಗುಣವನ್ನು ಎತ್ತಿಕೊಂಡು, 'ಯಾವುದು ಉದ್ದ?', 'ಯಾವುದು ಭಾರ?' ಎಂದು ಅದರ ಹೆಸರು ಹಿಡಿದೇ ಕೇಳಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಅಥವಾ ಮಲಯಾಳ ಮಾತನಾಡುವ ಮಗು ಮೊದಲು ತನ್ನ ನುಡಿಯಲ್ಲೇ ಹೇಳಲಿ. ಕನ್ನಡದ ಪದವನ್ನು ಅದರ ಪಕ್ಕದಲ್ಲಿ ಇಟ್ಟರೆ ಸಾಕು.

ಉದ್ದವನ್ನು ಹೋಲಿಸುವಾಗ ನಾಲ್ಕೈದು ವರ್ಷದ ಮಕ್ಕಳು ಸಾಮಾನ್ಯವಾಗಿ ಒಂದೇ ತುದಿಯನ್ನು ನೋಡುತ್ತಾರೆ. ಸಮ ಉದ್ದದ ಎರಡು ಕಡ್ಡಿಗಳನ್ನು ಜೋಡಿಸಿಟ್ಟು, ಅವರೆದುರೇ ಒಂದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ, ಸರಿಸಿದ್ದೇ ಉದ್ದವೆಂದು ಹೇಳುತ್ತಾರೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಈ ಬಗೆಯ ಪ್ರಯೋಗಗಳಿಂದಲೇ ಮಕ್ಕಳ ಯೋಚನೆಯ ಬೆಳವಣಿಗೆಯನ್ನು ವಿವರಿಸಿದರು. ಇದು ಅಜಾಗರೂಕತೆಯಲ್ಲವಾದ್ದರಿಂದ ಗದರಿ ತಿದ್ದುವುದರಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಒಂದು ಗೆರೆ ಎಳೆದು, ಎಲ್ಲ ಕಡ್ಡಿಗಳ ಬುಡವನ್ನೂ ಆ ಗೆರೆಗೆ ತಾಗಿಸಿಡುವುದನ್ನು ಮಕ್ಕಳಿಂದಲೇ ಮಾಡಿಸಬೇಕು.

ತರಗತಿಗಳಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟಿರುವುದು ತೂಕ. ಉದ್ದವನ್ನು ಕಣ್ಣು ಹೇಳಬಲ್ಲದು. ತೂಕವನ್ನು ಕೈಯೇ ಹೇಳಬೇಕು, ಚಿತ್ರ ಹೇಳಲಾರದು. ಹೀಗಿದ್ದೂ ಆನೆ ಮತ್ತು ಇಲಿಯ ಚಿತ್ರ ತೋರಿಸಿ ಭಾರ–ಹಗುರದ ಪಾಠ ಮುಗಿಸುವುದನ್ನು ಕಾಣುತ್ತೇನೆ. ಇದರಿಂದ ಮಗು ಕಲಿಯುವುದು ದೊಡ್ಡದೆಲ್ಲ ಭಾರ ಎಂಬ ತಪ್ಪು ನಿಯಮವನ್ನು. ಅದನ್ನು ಮುರಿಯಲು ದೊಡ್ಡ ಚೀಲದಲ್ಲಿ ಭತ್ತದ ಹೊಟ್ಟನ್ನೂ ಚಿಕ್ಕ ಚೀಲದಲ್ಲಿ ಹೊಳೆಯ ಮರಳನ್ನೂ ತುಂಬಿ, ಎತ್ತುವ ಮೊದಲು ಊಹಿಸಲು ಹೇಳಿ, ಆಮೇಲೆ ಎರಡು ಕೈಗಳಲ್ಲೂ ಕೊಡಿ. ಚಿಕ್ಕ ಚೀಲ ಹಿಡಿದ ಕೈ ಥಟ್ಟನೆ ಕೆಳಗಿಳಿಯುತ್ತದೆ, ಮಗು ಅದನ್ನೇ ಮತ್ತೆ ಮತ್ತೆ ಎತ್ತಿ ನೋಡುತ್ತದೆ. ಚೀಲಗಳನ್ನು ಕೈ ಬದಲಾಯಿಸಿ ಹಿಡಿಯಲಿ. ಆರಂಭದಲ್ಲಿ ಒಂದು ಇನ್ನೊಂದರ ಎರಡರಷ್ಟಾದರೂ ಭಾರವಿರಬೇಕು. ಸಮತೂಕದ ಎರಡು ವಸ್ತುಗಳಲ್ಲಿ ಗಾತ್ರದಲ್ಲಿ ಚಿಕ್ಕದು ಹೆಚ್ಚು ಭಾರವೆನಿಸುವುದು ದೊಡ್ಡವರಿಗೂ ಇರುವ ಭ್ರಮೆ. ಫ್ರಾನ್ಸಿನ ವೈದ್ಯ ಶಾರ್ಪಾಂತಿಯೆ 1891ರಲ್ಲೇ ಅದನ್ನು ದಾಖಲಿಸಿದ್ದರು.

ಕೈಗೆ ತಿಳಿಯದಷ್ಟು ಸೂಕ್ಷ್ಮ ವ್ಯತ್ಯಾಸ ಎದುರಾದಾಗ ತಕ್ಕಡಿಯ ಅಗತ್ಯ ತಾನಾಗಿ ಹುಟ್ಟುತ್ತದೆ. ಬಿದಿರಿನ ಕೋಲಿನ ನಡುವೆ ಹುರಿ ಕಟ್ಟಿ, ಎರಡು ತುದಿಗಳಲ್ಲಿ ತೆಂಗಿನ ಕರಟ ತೂಗುಬಿಟ್ಟರೆ ಆಯಿತು. ಖಾಲಿ ಇರುವಾಗ ಕೋಲು ಸಮವಾಗಿ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. ಮೇಲೇರಿದ ಕರಟವೇ 'ಹೆಚ್ಚು' ಎಂದು ತಿಳಿಯುವ ಮಕ್ಕಳಿರುತ್ತಾರೆ. ಅವರಿಗೆ ಕರಟದಲ್ಲಿದ್ದುದನ್ನು ಮತ್ತೆ ಕೈಗೇ ಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಈ ಪಾಠಕ್ಕೆ ಕಾಫಿ ಕೊಯ್ಲಿನ ಕಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳು ಸಂಜೆ ಹಣ್ಣಿನ ಚೀಲಗಳನ್ನು ತೂಕ ಹಾಕುವುದನ್ನು ನೋಡಿಯೇ ಇರುತ್ತಾರೆ. ಮೂವತ್ತು ಕಾಫಿ ಹಣ್ಣುಗಳನ್ನು ಎಣಿಸಿ ಒಂದು ಕರಟಕ್ಕೆ ಹಾಕಿ, ಇನ್ನೊಂದಕ್ಕೆ ಕೋಲು ಸಮವಾಗುವವರೆಗೆ ಒಂದೇ ಅಳತೆಯ ಹುಣಸೆ ಬೀಜಗಳನ್ನು ಹಾಕಿಸಿ, ಬೀಜಗಳ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಹಣ್ಣುಗಳನ್ನು ಎರಡು ವಾರ ಬಿಸಿಲಿಗೆ ಹರವಿ ಒಣಗಿಸಿ ಮತ್ತೆ ತೂಗಿಸಿ. ಎಣಿಕೆಯಲ್ಲಿ ಹಣ್ಣು ಒಂದೂ ಕಡಿಮೆಯಾಗಿರುವುದಿಲ್ಲ, ಬೀಜಗಳು ಮಾತ್ರ ಬಹಳ ಕಡಿಮೆ ಸಾಕಾಗುತ್ತವೆ. ತೂಕ ಎಲ್ಲಿ ಹೋಯಿತೆಂದು ಮಕ್ಕಳೇ ಕೇಳಲಿ. ಉತ್ತರ ಹೇಳಲು ಅವಸರಪಡಬೇಡಿ. (ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಬೀಜಗಳನ್ನು ದೂರವಿಡಿ.)

ಮಕ್ಕಳ ಮೈಯನ್ನೇ ಹೋಲಿಕೆಯ ವಸ್ತುವನ್ನಾಗಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಯಾರು ಕುಳ್ಳ, ಯಾರು ದಪ್ಪ ಎಂದು ತರಗತಿಯ ಮುಂದೆ ನಿಲ್ಲಿಸಿ ಕೇಳಿದ ಮಾತು ಆಟದ ಬಯಲಿನಲ್ಲಿ ಅಡ್ಡಹೆಸರಾಗಿ ಉಳಿಯುತ್ತದೆ.

ಸೆಂಟಿಮೀಟರು, ಕಿಲೋಗ್ರಾಮುಗಳಿಗೆ ಹೋಗುವ ಮುನ್ನ ಗೇಣು, ಮೊಳಗಳಲ್ಲಿ ಅಳೆಯಿಸಿ. ಶಿಕ್ಷಕಿಯ ಗೇಣಿನಲ್ಲಿ ಐದಾದ ಮೇಜು ಮಗುವಿನ ಗೇಣಿನಲ್ಲಿ ಎಂಟಾದಾಗ ಎಲ್ಲರಿಗೂ ಒಂದೇ ಆದ ಅಳತೆಪಟ್ಟಿ ಏಕೆ ಬೇಕೆಂಬುದು ಅದಕ್ಕೆ ಅರ್ಥವಾಗುತ್ತದೆ. ಗೇಣುಗಳ ನಡುವೆ ಸಂದು ಬಿಡದಂತೆ, ಒಂದರ ಮೇಲೊಂದು ಏರದಂತೆ ನೋಡಿಕೊಳ್ಳಬೇಕು. ಎರಡನೆಯ ತರಗತಿಯ ಹೊತ್ತಿಗೆ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ತರಗತಿಯಲ್ಲಿ ಸದಾ ಇಟ್ಟಿರಿ. ಪುಸ್ತಕದ ಚೀಲವಾಗಲಿ, ಕಿತ್ತಳೆಯ ರಾಶಿಯಾಗಲಿ, ಅದಕ್ಕಿಂತ ಭಾರವೋ ಹಗುರವೋ ಎಂದು ಮಕ್ಕಳು ಎತ್ತಿ ಊಹಿಸಿ, ಆಮೇಲೆ ತೂಗಿ ನೋಡಲಿ.