ಔಟ್‌ಲುಕ್ ಕೈಕೊಟ್ಟಾಗ ಮೊದಲು ಕಾಪಿ, ಆಮೇಲೆ ರಿಪೇರಿ

ಜೂನ್ ಹಿಡಿದರೆ ಕೊಡಗಿನಲ್ಲಿ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಯುಪಿಎಸ್ ಬ್ಯಾಟರಿ ಎಂದೋ ಸತ್ತಿರುತ್ತದೆ. ಬೆಳಗ್ಗೆ ಎಸ್ಟೇಟ್ ಆಫೀಸಿನ ರೈಟರ್ ಫೋನ್ ಮಾಡುತ್ತಾರೆ: "ಸಾರ್, ಔಟ್‌ಲುಕ್ ಓಪನ್ನೇ ಆಗ್ತಿಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್‌ನವರ ಮೇಲ್‌ಗಳೆಲ್ಲ ಅದ್ರಲ್ಲೇ ಇವೆ."

ಔಟ್‌ಲುಕ್ ಎಂಬ ಮೇಲ್ ಸಾಫ್ಟ್‌ವೇರ್ ಪತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದು ಫೈಲಿನಲ್ಲಿ ಕೂಡಿಡುತ್ತದೆ. ನಾನು ಮೊದಲು ಕೇಳುವುದು ಆ ಫೈಲಿನ ಹೆಸರಿನ ಬಾಲ ಪಿಎಸ್‌ಟಿಯೋ (.pst) ಒಎಸ್‌ಟಿಯೋ (.ost) ಎಂದು. ಒಎಸ್‌ಟಿ ಆದರೆ ಅರ್ಧ ಚಿಂತೆ ಕಳೆಯಿತು, ಮೇಲ್‌ಗಳು ಸರ್ವರ್‌ನಲ್ಲಿವೆ. ಔಟ್‌ಲುಕ್ ಮುಚ್ಚಿ ಆ ಫೈಲಿಗೆ ಬೇರೆ ಹೆಸರು ಕೊಟ್ಟು ಮತ್ತೆ ತೆರೆದರೆ ಹೊಸದು ಇಳಿಯತೊಡಗುತ್ತದೆ. ಹಳೆಯದನ್ನು ಅಳಿಸಬೇಡಿ. ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿಯುವ ಬಗೆಯ) ಖಾತೆಯಲ್ಲಿ ಕ್ಯಾಲೆಂಡರ್, ವಿಳಾಸಪಟ್ಟಿಗಳು ಆ ಕಂಪ್ಯೂಟರಿನಲ್ಲಿ ಮಾತ್ರ ಇರುವುದುಂಟು.

ಪಿಎಸ್‌ಟಿ ಕಥೆ ಬೇರೆ. ಪಾಪ್ (ಮೇಲ್ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯ) ಖಾತೆಯವರಿಗೆ ಎಷ್ಟೋ ಸಲ ಇರುವುದು ಅದೊಂದೇ ಪ್ರತಿ. ಔಟ್‌ಲುಕ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಇನ್ನೂ ಓಡುತ್ತಿಲ್ಲ ಎಂದು ನೋಡಿ, ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಮುಂದಿನದೆಲ್ಲ ಆ ಕಾಪಿಯ ಮೇಲೆ. ಆಫೀಸ್ ಇರುವ ಫೋಲ್ಡರಿನಲ್ಲೇ ಸ್ಕ್ಯಾನ್‌ಪಿಎಸ್‌ಟಿ ಎಂಬ ಉಚಿತ ಉಪಕರಣ ಇದೆ. ಒಮ್ಮೆ ಓಡಿಸಿ ಬಿಟ್ಟರೆ ಸಾಲದು, ದೋಷ ಇಲ್ಲ ಎನ್ನುವವರೆಗೆ ಮತ್ತೆ ಮತ್ತೆ ಓಡಿಸಬೇಕು. ಆಮೇಲೆ 'ಲಾಸ್ಟ್ ಅಂಡ್ ಫೌಂಡ್' ಎಂಬ ಫೋಲ್ಡರ್ ಕಂಡರೆ ಗಾಬರಿ ಬೇಡ. ಜಾಗ ತಪ್ಪಿದ ಮೇಲ್‌ಗಳನ್ನು ಅದರಲ್ಲಿ ಗುಡ್ಡೆ ಹಾಕಿರುತ್ತದೆ. ಅವನ್ನು ಹೊಸ ಪಿಎಸ್‌ಟಿಗೆ ಎಳೆದು ಹಾಕಿ. ಇದು ಸರಿಮಾಡುವುದು ಫೈಲಿನ ರಚನೆಯನ್ನು. ಅಳಿಸಿಹೋದ ಪತ್ರವನ್ನು ಹುಟ್ಟಿಸಿ ಕೊಡುವುದಿಲ್ಲ. ದುಡ್ಡು ಕೇಳುವ ರಿಪೇರಿ ಸಾಫ್ಟ್‌ವೇರ್‌ಗಳ ಕಡೆ ಇದು ಸೋತ ಮೇಲಷ್ಟೇ ನೋಡಿ.

ತೋಟದ ಹಳೆ ಕಂಪ್ಯೂಟರಿನಿಂದ ಹೊಸದಕ್ಕೆ ದಾಟಿ ಬಂದ ಫೈಲುಗಳಲ್ಲಿ ಇನ್ನೊಂದು ತೊಂದರೆ ಉಂಟು. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿಗೆ 2 ಜಿಬಿ ಮಿತಿ. 2003ರಲ್ಲಿ ಹೊಸ ವಿನ್ಯಾಸ ಬಂದು ಮಿತಿ 20 ಜಿಬಿಗೆ, 2010ರಿಂದ 50ಕ್ಕೆ ಏರಿತು. ಆದರೆ ಹಳೆ ಫೈಲನ್ನು ಹೊಸ ಔಟ್‌ಲುಕ್‌ನಲ್ಲಿ ತೆರೆದ ಮಾತ್ರಕ್ಕೆ ಅದು ಹೊಸದಾಗದು, 2 ಜಿಬಿಗೇ ಮುಗ್ಗರಿಸುತ್ತದೆ. ಹೊಸ ಡೇಟಾ ಫೈಲ್ ಮಾಡಿ ಮೇಲ್ ಸಾಗಿಸುವುದೇ ದಾರಿ.

ಹೋಂಸ್ಟೇಯವರದು ಇನ್ನೊಂದು ದೂರು: ಫೋಟೋ ತುಂಬಿದ ಮೇಲ್‌ಗಳನ್ನು ಅಳಿಸಿದರೂ ಫೈಲ್ ಸಣ್ಣದಾಗಿಲ್ಲ. ಅಳಿಸಿದ ಜಾಗ ಫೈಲಿನೊಳಗೇ ಖಾಲಿ ಬಿದ್ದಿರುತ್ತದೆ. ಅಕೌಂಟ್ ಸೆಟ್ಟಿಂಗ್ಸ್‌ನ ಡೇಟಾ ಫೈಲ್ಸ್‌ನಲ್ಲಿ ಕಾಂಪ್ಯಾಕ್ಟ್ ಒತ್ತಬೇಕು. ಥಂಡರ್‌ಬರ್ಡ್ ಎಂಬ ಇನ್ನೊಂದು ಮೇಲ್ ಸಾಫ್ಟ್‌ವೇರ್‌ನಲ್ಲೂ ಕಾಂಪ್ಯಾಕ್ಟ್ ಇದೆ. ಅದು ಫೋಲ್ಡರನ್ನು ಹೊಸದಾಗಿ ಬರೆಯುವುದರಿಂದ ಡಿಸ್ಕ್‌ನಲ್ಲಿ ಜಾಗ ಇರಲೇಬೇಕು. ಅಲ್ಲಿ ಪತ್ರಗಳ ಪಟ್ಟಿ (ಇಂಡೆಕ್ಸ್) ಮಾತ್ರ ಕೆಟ್ಟಿದ್ದರೆ ಫೋಲ್ಡರ್ ಪ್ರಾಪರ್ಟೀಸ್‌ನ 'ರಿಪೇರ್ ಫೋಲ್ಡರ್' ಸಾಕು, ಪತ್ರಗಳಿಗೆ ಏನೂ ಆಗಿರುವುದಿಲ್ಲ.