ಬಾವಲಿಯನ್ನು ಗುರುತಿಸಲಿಲ್ಲ, ಅಣಬೆಯನ್ನು ಬಿಡಲಿಲ್ಲ

1948ರಲ್ಲಿ ಆಂಗಸ್ ಹಟನ್ ಎಂಬ ನಿಸರ್ಗಾಸಕ್ತರು ತಮಿಳುನಾಡಿನ ಮೇಘಮಲೆ ಸಾಲಿನಲ್ಲಿ ಒಂದು ಬಾವಲಿ ಹಿಡಿದರು. ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಸೇರಿದಾಗ ಅದಕ್ಕೆ ಅಂಟಿದ್ದು ಊರೂರಲ್ಲೂ ಕಾಣುವ ಗಿಡ್ಡಮೂತಿ ಹಣ್ಣುಬಾವಲಿಯ ಹೆಸರು. ಥಾಯ್ಲೆಂಡಿನ ಕಿಟ್ಟಿ ಥೊಂಗ್ಲೊಂಗ್ಯಾ ಅದನ್ನು ಮತ್ತೆ ಪರೀಕ್ಷಿಸಿದರು. ಹೊರಗೆ ಕಾಣುವ ಬಾಲವೇ ಇಲ್ಲ. ಬಾಚಿಹಲ್ಲು ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ, ಅಷ್ಟೇ. 1972ರಲ್ಲಿ ಅವರು ಅದಕ್ಕಾಗಿ ಹೊಸ ಕುಲವನ್ನೇ (ಜೀನಸ್) ರಚಿಸಿ ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರಿಟ್ಟರು. ಕಾಡಿನಲ್ಲಿ ಅದು ಮತ್ತೆ ಸಿಕ್ಕಿದ್ದು 1993ರಲ್ಲಿ.

ಅದೇ 1972ರಲ್ಲಿ ಬಂದ ನಮ್ಮ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಉಪದ್ರವಿಗಳ ಸಾಲಿಗೆ ಹಾಕಿತ್ತು. ಕಾಡಿನ ಬೀಜ ಹರಡುವ ಪ್ರಾಣಿಗೆ ಇದು ದೊಡ್ಡ ಅನ್ಯಾಯ. ಸಲೀಂ ಅಲಿ ಬಾವಲಿ ಮಾತ್ರ ಮುಂದೆ ಅಲ್ಲಿಂದ ಪಾರಾಗಿ ಅತಿ ಹೆಚ್ಚು ರಕ್ಷಣೆಯ ಒಂದನೇ ಅನುಸೂಚಿಗೆ ಏರಿತು. 1991ರಲ್ಲಿ ಕಾಯ್ದೆಗೆ ಆರು ಬಗೆಯ ಗಿಡಗಳೂ ಸೇರಿದವು. ಅಣಬೆಯಂಥ ಶಿಲೀಂಧ್ರಕ್ಕೆ ಆಗಲೂ ಜಾಗವಿರಲಿಲ್ಲ.

ಹೊರದೇಶದಲ್ಲೂ ಕಥೆ ಇದೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘಟನೆ ಐಯುಸಿಎನ್, ಅಳಿವಿನ ಅಪಾಯದ ಜೀವಿಗಳನ್ನು ದಾಖಲಿಸುವ ಕೆಂಪು ಪಟ್ಟಿ ಶುರುಮಾಡಿದ್ದು 1964ರಲ್ಲಿ. ಶಿಲೀಂಧ್ರಗಳ ಪೈಕಿ ಮೊದಲು ಎರಡು ಕಲ್ಲುಹೂವುಗಳು (ಶಿಲೀಂಧ್ರ, ಪಾಚಿ ಕೂಡಿ ಬಾಳುವ ಜೀವಿಗಳು) 2003ರಲ್ಲಿ ಪಟ್ಟಿ ಸೇರಿದವು. 2006ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಪ್ಲೂರೋಟಸ್ ನೆಬ್ರೊಡೆನ್ಸಿಸ್ ಎಂಬ ಅಣಬೆ ತೀವ್ರ ಅಪಾಯದ ವರ್ಗಕ್ಕೆ ಬಂತು.

ಈ ಅಣಬೆಯನ್ನು ಯಾರೂ ಮರೆತಿರಲಿಲ್ಲ. 1863ರಲ್ಲಿ ಇದಕ್ಕೆ ಹೆಸರಿಟ್ಟ ಜುಸೆಪ್ಪೆ ಇಂಝೆಂಗಾ ಸಿಸಿಲಿಯ ಅಣಬೆಗಳಲ್ಲೇ ಅತಿ ರುಚಿಯದು ಎಂದು ಹೊಗಳಿದ್ದರು. ಮಡೋನಿಯೆ ಬೆಟ್ಟಗಳ ಸುಣ್ಣಕಲ್ಲಿನ ಹುಲ್ಲುಗಾವಲಿನಲ್ಲಿ, ಸಬ್ಬಸಿಗೆ ಕುಟುಂಬದ ಒಂದು ಗಿಡದ ಬುಡದಲ್ಲಿ ವಸಂತದಲ್ಲಿ ಏಳುತ್ತದೆ. ಬೆಲೆ ಜಾಸ್ತಿಯಾದ್ದರಿಂದ ಕೊಡೆ ಅರಳಿ ಬೀಜಾಣು ಉದುರುವ ಮೊದಲೇ ಕೀಳುತ್ತಾರೆ. ವರ್ಷಕ್ಕೆ 250ಕ್ಕಿಂತ ಕಡಿಮೆ ಅಣಬೆಗಳಷ್ಟೇ ಬಲಿಯುತ್ತವೆ ಎಂಬುದು ಪಟ್ಟಿ ಮಾಡಿದವರ ಅಂದಾಜು.

ಲೆಕ್ಕ ಹಾಕುವುದೂ ಸುಲಭವಲ್ಲ. ಬಾವಲಿಯಾದರೆ ಬಲೆಗೆ ಬಿದ್ದದ್ದನ್ನು ತಲೆಲೆಕ್ಕದಲ್ಲಿ ಎಣಿಸಬಹುದು. ಅಣಬೆಯಲ್ಲಿ ನಾವು ಕೀಳುವ ಕೊಡೆ ಬರೀ ಫಲ. ಜೀವಿ ಇರುವುದು ಮಣ್ಣೊಳಗಿನ ಎಳೆಗಳ ಜಾಲದಲ್ಲಿ. ಕಣ್ಣಿಗೆ ಕಾಣದ್ದು ಕಾನೂನಿಗೂ ತಡವಾಗಿ ಕಂಡಿತು ಎಂದೇ ನನಗನಿಸುತ್ತದೆ.

ಈಗ ಮಡೋನಿಯೆ ಉದ್ಯಾನದ ಒಳವಲಯದಲ್ಲಿ ಅಣಬೆ ಕೀಳುವಂತಿಲ್ಲ. ಕಾಡಿನದರ ಮೇಲಿನ ಒತ್ತಡ ಇಳಿಯಲಿ ಎಂದು ಸ್ಥಳೀಯರಿಗೆ ಇದೇ ಅಣಬೆಯ ಬೇಸಾಯ ಕಲಿಸುವ ಕೆಲಸವೂ ನಡೆದಿದೆ.